ಫಿಲಿರಿಯಾ: ಆಲಿವ್ ಮರದ ದಾಯಾದಿ ಗಿಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಫ್ರಾನ್ಸಿನ ಮೊಂಪೆಲ್ಯೆ ಊರಿನ ಹೊರಗೆ ಸುಣ್ಣಕಲ್ಲಿನ ಗುಡ್ಡಗಳಿವೆ. ಫಿಲಿರಿಯಾವನ್ನು ನಾನು ಮೊದಲು ನೋಡಿದ್ದು ಅಲ್ಲಿ. ಯಾರೋ ನೆಟ್ಟು ಮರೆತ ಆಲಿವ್ ಗಿಡ ಇರಬೇಕು ಎಂದುಕೊಂಡು ಮುಂದೆ ಹೋಗಿಬಿಟ್ಟಿದ್ದೆ. ಜೊತೆಗಿದ್ದವರು ನಿಲ್ಲಿಸಿ, ಒಂದು ಕೊಂಬೆ ಹಿಡಿದು ತೋರಿಸಿದರು. ಆಮೇಲೆ ಈ ಗಿಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ, ಗೆಳೆಯರಿಗೂ ಹೇಳುತ್ತಾ ಬಂದೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಫಿಲಿರಿಯಾ ಅಂದರೆ ಏನು?

ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುವ ಪೊದೆಗಿಡ. ವರ್ಷವಿಡೀ ಹಸಿರಾಗಿರುತ್ತದೆ. ಎಲೆ ದಪ್ಪ, ಮುಟ್ಟಿದರೆ ಚರ್ಮದ ಹಾಗೆ ಗಟ್ಟಿ. ಹೂ ತುಂಬಾ ಚಿಕ್ಕದು, ಹಸಿರು ಬೆರೆತ ಬಿಳಿ. ಹಣ್ಣು ಬಟಾಣಿ ಕಾಳಿನಷ್ಟು, ಮಾಗಿದಾಗ ನೀಲಿಗಪ್ಪು, ಒಳಗೆ ಒಂದು ಗಟ್ಟಿ ಓಟೆ. ಆಲಿವ್ ಹಣ್ಣನ್ನೇ ತೀರಾ ಚಿಕ್ಕದು ಮಾಡಿದರೆ ಹೇಗಿರುತ್ತದೋ ಹಾಗೆ. ಆಲಿವ್ ಕುಟುಂಬಕ್ಕೇ ಸೇರಿದ ಕುಲ ಇದು, ಹಾಗಾಗಿ ಹೋಲಿಕೆ ಸುಮ್ಮನೆ ಬಂದದ್ದಲ್ಲ.

ಕನ್ನಡದಲ್ಲಿ ಹೆಸರಿಲ್ಲ. ನಮ್ಮ ಕಡೆ ಬೆಳೆಯದ ಗಿಡ, ಹೆಸರು ಎಲ್ಲಿಂದ ಬರಬೇಕು?

ಎಷ್ಟು ಜಾತಿ ಇವೆ?

ಎರಡೇ. ಒಂದು ಫಿಲಿರಿಯಾ ಅಂಗುಸ್ಟಿಫೋಲಿಯಾ, ಅಂದರೆ ಕಿರಿದಾದ ಎಲೆಯದ್ದು. ಇದು ಸಾಮಾನ್ಯವಾಗಿ 2ರಿಂದ 3 ಮೀಟರ್ ಎತ್ತರದ ಪೊದೆ. ಇನ್ನೊಂದು ಫಿಲಿರಿಯಾ ಲ್ಯಾಟಿಫೋಲಿಯಾ, ಅಗಲ ಎಲೆಯದ್ದು. ಇದನ್ನು ಬಿಟ್ಟರೆ 8 ಮೀಟರ್‌ವರೆಗೂ ಹೋಗಿ ಪುಟ್ಟ ಮರವೇ ಆಗುತ್ತದೆ.

ಗಿಡಗಳಿಗೆ ಹೆಸರಿಡುವ ಪದ್ಧತಿ ಕಟ್ಟಿದ 18ನೇ ಶತಮಾನದ ವಿಜ್ಞಾನಿ ಲಿನೀಯಸ್ 1753ರಲ್ಲಿ ಎರಡು ಜಾತಿ ಎಂದು ಬರೆದು, ಆಮೇಲೆ ಮೂರನೆಯದನ್ನೂ ಸೇರಿಸಿದ್ದ. ಮೂರನೆಯದರ ಹೆಸರು ಮೀಡಿಯಾ, ಎಂದರೆ ನಡುವಿನದು. ಅಗಲ ಎಲೆಯ ಜಾತಿಯ ಎಳೆಯ ಗಿಡದಲ್ಲಿ ಎಲೆ ಅಗಲವಾಗಿ, ಅಂಚಿಗೆ ಗರಗಸದ ಹಲ್ಲಿನಂತೆ ಇರುತ್ತದೆ. ಗಿಡ ಬಲಿತ ಮೇಲೆ ಬರುವ ಎಲೆ ಕಿರಿದು, ಅಂಚೂ ನುಣುಪು. ಒಂದೇ ಗಿಡದಲ್ಲಿ ಎರಡೂ ಬಗೆ ಇರಬಹುದು. ಒಣಗಿಸಿ ಹಾಳೆಗೆ ಅಂಟಿಸಿದ ಒಂದೊಂದು ಕೊಂಬೆ ನೋಡಿ ವಿಂಗಡಿಸಿದರೆ ಯಾರಿಗಾದರೂ ಗೊಂದಲ ಆಗುತ್ತದೆ. ಈಗ ಆ ಮೀಡಿಯಾವನ್ನು ಲ್ಯಾಟಿಫೋಲಿಯಾದ ಒಳಗೇ ಸೇರಿಸುತ್ತಾರೆ.

ಎಲ್ಲೆಲ್ಲಿ ಸಿಗುತ್ತದೆ?

ಕಿರಿದಾದ ಎಲೆಯದ್ದು ಪಶ್ಚಿಮದ ಕಡೆ ಜಾಸ್ತಿ: ಪೋರ್ಚುಗಲ್, ಸ್ಪೇನ್, ದಕ್ಷಿಣ ಫ್ರಾನ್ಸ್, ಇಟಲಿ, ಮೊರಾಕೊ, ಅಲ್ಜೀರಿಯಾ, ಟುನೀಶಿಯಾ. ಅಗಲ ಎಲೆಯದ್ದು ಅಲ್ಲಿಂದ ಶುರುವಾಗಿ ಕ್ರೊಯೇಷಿಯಾ, ಗ್ರೀಸ್, ಟರ್ಕಿ ದಾಟಿ ಇಸ್ರೇಲಿನ ಕಾರ್ಮೆಲ್ ಬೆಟ್ಟದವರೆಗೂ ಇದೆ.

ಇದು ಬೆಳೆಯುವ ಕುರುಚಲು ಕಾಡಿಗೆ ಫ್ರೆಂಚರು ಮಾಕಿ ಎನ್ನುತ್ತಾರೆ. ಸುಣ್ಣಕಲ್ಲಿನ ನೆಲದಲ್ಲಿ ಇನ್ನೂ ಕುಳ್ಳಾಗಿ, ಚದುರಿ ಬೆಳೆದರೆ ಅದು ಗಾರಿಗ್. ಹೋಮ್ ಓಕ್, ಸ್ಟ್ರಾಬೆರಿ ಮರ, ಲೆಂಟಿಸ್ಕ್, ಮರ್ಟಲ್ ಇದರ ಅಕ್ಕಪಕ್ಕದವು. ಬೇಸಿಗೆಯಲ್ಲಿ ಆ ಕಾಡಿಗೆ ಕಾಲಿಟ್ಟರೆ ಕಾದ ಎಲೆಗಳ ಎಣ್ಣೆಯ ವಾಸನೆ ಮೂಗಿಗೆ ಅಡರುತ್ತದೆ. ಆ ವಾಸನೆಯಲ್ಲಿ ಫಿಲಿರಿಯಾದ ಪಾಲು ಏನೂ ಇಲ್ಲ. ಬೇರೆ ಗಿಡಗಳಂತೆ ಇದು ಘಮಘಮ ಎನ್ನುವ ಎಲೆಯದ್ದಲ್ಲ.

ಹೆಸರು ಎಲ್ಲಿಂದ ಬಂತು? ಅಲ್ಲಿನ ಜನ ಏನೆನ್ನುತ್ತಾರೆ?

ಹೆಸರು ಹಳೆಯ ಗ್ರೀಕಿನದು. 1ನೇ ಶತಮಾನದ ವೈದ್ಯ ಡಯೊಸ್ಕೊರಿಡೀಸ್ ಈ ಹೆಸರಿನ ಗಿಡವನ್ನು ವಿವರಿಸಿದ್ದಾನೆ.

ಊರಿನವರ ಬಾಯಲ್ಲಿ ಇದಕ್ಕೆ ಬೇರೆ ಬೇರೆ ಹೆಸರು. ಸ್ಪೇನಿನಲ್ಲಿ ಲಬಿಯೆರ್ನಗೊ ಅಥವಾ ಒಲಿವಿಲ್ಯಾ, ಅಂದರೆ ಪುಟ್ಟ ಆಲಿವ್. ಕತಲಾನರಿಗೆ ಅಲದೆರ್ನ್. ಇಟಲಿಯಲ್ಲಿ ಫಿಲ್ಲಿರೆಯಾ, ಇಲಾತ್ರೊ. ಕ್ರೊಯೇಷಿಯಾದಲ್ಲಿ ಜೆಲೆನಿಕಾ, ಇದು 'ಹಸಿರು' ಎಂಬ ಪದದಿಂದಲೇ ಹುಟ್ಟಿದ್ದು. ಟರ್ಕಿಯಲ್ಲಿ ಅಕ್ಚಕೆಸ್ಮೆ. ಹೀಬ್ರೂ ಹೆಸರು ಬರ್-ಜಾಯಿತ್, ಅದರಲ್ಲಿರುವ 'ಜಾಯಿತ್' ಎಂದರೆ ಆಲಿವ್. ಸ್ಪೇನಿನವರಿಗೂ ಹೀಬ್ರೂ ಮಾತಾಡುವವರಿಗೂ ಸಮುದ್ರದ ಎರಡು ತುದಿಗಳಲ್ಲಿ ಒಂದೇ ಹೋಲಿಕೆ ಕಂಡಿದೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ನಮ್ಮ ಮಲ್ಲಿಗೆಗೂ ಇದಕ್ಕೂ ನೆಂಟಸ್ತನ ಇದೆ ಅಂತಾರೆ, ನಿಜವಾ?

ನಿಜ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ, ಜಾಜಿ, ಪಾರಿಜಾತ ಎಲ್ಲವೂ ಆಲಿವ್ ಕುಟುಂಬದವೇ. ನಮ್ಮ ಪಶ್ಚಿಮ ಘಟ್ಟದಲ್ಲಿ ಓಲಿಯಾ ಡಯೋಯಿಕಾ ಎಂಬ ಕಾಡುಮರ ಇದೆ. ಅದರ ಹೆಸರಿನಲ್ಲೇ ಆಲಿವ್‌ನ ಕುಲದ ಹೆಸರಿದೆ.

ನಂಬಿಕೆ ಬರದಿದ್ದರೆ ಬೆಳಿಗ್ಗೆ ಉದುರಿದ ಒಂದು ಪಾರಿಜಾತದ ಹೂ ತೆಗೆದುಕೊಳ್ಳಿ. ಕೇಸರಿ ಬಣ್ಣದ ನಳಿಕೆಯನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಎರಡೇ ಕೇಸರ, ಅಂದರೆ ಪರಾಗ ಹೊರುವ ಎಳೆ, ಇರುತ್ತವೆ. ಒಂದು ಸುತ್ತಿನ ಜಾಜಿಯಲ್ಲೂ ಎರಡೇ. ಫಿಲಿರಿಯಾದ ಸಾಸಿವೆಯಂಥ ಮೊಗ್ಗು ಬಿಡಿಸಿದರೆ ಅಲ್ಲೂ ಎರಡೇ. ಎಸಳು ನಾಲ್ಕಿರಲಿ ಆರಿರಲಿ, ಈ ಮನೆತನದವರ ಗುರುತು ಈ ಎರಡು ಕೇಸರ.

ಕಾಡಿನಲ್ಲಿ ಗುರುತಿಸುವುದು ಹೇಗೆ?

ಎಲೆ ಕೊಂಬೆಗೆ ಹೇಗೆ ಕೂತಿದೆ ಎಂದು ಮೊದಲು ನೋಡಿ. ಮಿಕ್ಕಿದ್ದೆಲ್ಲ ಆಮೇಲೆ.

ಫಿಲಿರಿಯಾದಲ್ಲಿ ಎಲೆಗಳು ಜೋಡಿ ಜೋಡಿಯಾಗಿ ಎದುರು-ಬದುರು ಇರುತ್ತವೆ. ಇದನ್ನೇ ಹೋಲುವ ಇನ್ನೆರಡು ಗಿಡ ಪಕ್ಕದಲ್ಲೇ ಇರುತ್ತವೆ: ಹೋಮ್ ಓಕ್ ಮತ್ತು ರಾಮ್ನಸ್ ಅಲಟರ್ನಸ್. ಎರಡರಲ್ಲೂ ಎಲೆಗಳು ಈ ಕಡೆ ಒಂದು, ಸ್ವಲ್ಪ ಮೇಲೆ ಆ ಕಡೆ ಒಂದು, ಹೀಗೆ ಮೆಟ್ಟಿಲು ಹತ್ತಿದ ಹಾಗೆ ಇರುತ್ತವೆ. ಗುಡ್ಡದಲ್ಲಿ ನನಗೆ ತೋರಿಸಿದ್ದು ಇದನ್ನೇ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಮತ್ತೆ ಎಂದೂ ತಪ್ಪಿಲ್ಲ.

ಹಾಗಾದರೆ ಕಾಡು ಆಲಿವ್‌ನಿಂದ ಬೇರೆ ಮಾಡುವುದು ಹೇಗೆ, ಅದರ ಎಲೆಯೂ ಜೋಡಿಯಲ್ವಾ? ಹೌದು. ಎಲೆ ಮಗುಚಿ ನೋಡಿ. ಆಲಿವ್ ಎಲೆಯ ತಳ ಬೆಳ್ಳಿಯ ಬಿಳುಪು. ಫಿಲಿರಿಯಾದ್ದು ತಿಳಿ ಹಸಿರು.

ಫಿಲಿರಿಯಾದ ಎರಡು ಜಾತಿಗಳ ನಡುವೆ ಅನುಮಾನ ಬಂದರೆ ಹಣ್ಣು ನೋಡಿ. ಕಿರಿದಾದ ಎಲೆಯದ್ದರ ಹಣ್ಣಿನ ತುದಿ ಚೂಪು, ಅಗಲ ಎಲೆಯದ್ದರ ಹಣ್ಣು ದುಂಡು. ರಾಮ್ನಸ್ ಜೊತೆಗಿನ ಗೊಂದಲವಂತೂ ಸುಟ್ಟು ಇದ್ದಿಲಾದ ಮೇಲೂ ಬಿಡುವುದಿಲ್ಲ. ಪುರಾತನ ಒಲೆಗಳ ಇದ್ದಿಲಿನ ಚೂರುಗಳನ್ನು ಪರೀಕ್ಷೆ ಮಾಡುವ ಪುರಾತತ್ವದವರು ಫಿಲಿರಿಯಾ ಮತ್ತು ರಾಮ್ನಸ್ ಕಟ್ಟಿಗೆಯನ್ನು ಬೇರೆ ಮಾಡಲಾಗದೆ ಎಷ್ಟೋ ಸಲ ಎರಡನ್ನೂ ಸೇರಿಸಿಯೇ ಬರೆಯುತ್ತಾರೆ.

ಹೂ ಬಿಡುವುದು ಯಾವಾಗ? ಜೇನು ಬರುತ್ತದಾ?

ಮಾರ್ಚಿನಿಂದ ಮೇ ನಡುವೆ ಹೂ. ಶರತ್ಕಾಲಕ್ಕೆ ಹಣ್ಣು. ಜೇನುನೊಣ ಪರಾಗ ತಿನ್ನಲು ಬಂದರೂ ಮುಖ್ಯ ಕೆಲಸ ಮಾಡುವುದು ಗಾಳಿ. ಒಣ ಬಿಸಿಲಿನ ದಿನ ಕೊಂಬೆ ಅಲ್ಲಾಡಿಸಿದರೆ ಹಳದಿ ಪುಡಿ ಹೊಗೆಯಂತೆ ಏಳುತ್ತದೆ.

ಫಿಲಿರಿಯಾದ 'ಗಂಡುಗಿಡದ ಒಗಟು' ಅಂತಾರಲ್ಲ, ಏನದು?

ಈ ಗಿಡದ ಬಗ್ಗೆ ನನ್ನನ್ನು ಹಿಡಿದು ಕೂರಿಸಿದ ವಿಷಯ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಿಡಗಳಲ್ಲಿ ಹೆಚ್ಚಿನವು ದ್ವಿಲಿಂಗಿ. ಒಂದೇ ಹೂವಿನಲ್ಲಿ ಪರಾಗವೂ ಇರುತ್ತದೆ, ಕಾಯಿ ಕಟ್ಟುವ ಅಂಡಾಶಯವೂ ಇರುತ್ತದೆ. ಪಪ್ಪಾಯಿಯಂಥ ಕೆಲವು ಕಡೆ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಫಿಲಿರಿಯಾದಲ್ಲಿ ಇದ್ಯಾವುದೂ ಅಲ್ಲ. ಇಲ್ಲಿ ದ್ವಿಲಿಂಗಿ ಗಿಡಗಳಿವೆ, ಗಂಡು ಗಿಡಗಳಿವೆ, ಬರೀ ಹೆಣ್ಣಾದ ಗಿಡ ಮಾತ್ರ ಇಲ್ಲ. ಹೂ ನೋಡಿ ಹೇಳುವುದು ಸುಲಭವೂ ಅಲ್ಲ. ಗಂಡು ಹೂವಿನ ನಡುವೆಯೂ ಒಂದು ಬಡಕಲು ಅಂಡಾಶಯ ಇರುತ್ತದೆ, ಆದರೆ ಅದು ಕಾಯಿ ಕಟ್ಟುವುದಿಲ್ಲ. 1992ರಲ್ಲಿ ಲೆಪಾರ್ ಮತ್ತು ಡೊಮ್ಮೆ ಎಂಬ ಫ್ರೆಂಚ್ ಸಂಶೋಧಕರು ಈ ವಿಚಿತ್ರವನ್ನು ಕಿರಿದಾದ ಎಲೆಯ ಜಾತಿಯಲ್ಲಿ ವಿವರಿಸಿದರು.

ಇದರಲ್ಲಿ ಒಗಟೇನು? ಲೆಕ್ಕ ಹಾಕಿ ನೋಡಿ. ದ್ವಿಲಿಂಗಿ ಗಿಡ ತನ್ನ ವಂಶವನ್ನು ಎರಡು ದಾರಿಯಲ್ಲಿ ಮುಂದಕ್ಕೆ ಕಳಿಸುತ್ತದೆ: ತನ್ನ ಬೀಜದಿಂದ, ಮತ್ತು ತನ್ನ ಪರಾಗ ಬೇರೆ ಗಿಡದ ಮೇಲೆ ಬಿದ್ದು ಆಗುವ ಬೀಜದಿಂದ. ಗಂಡು ಗಿಡಕ್ಕೆ ಒಂದೇ ದಾರಿ, ಪರಾಗ. ಹಾಗಾದರೆ ಗಂಡು ಉಳಿಯಬೇಕಾದರೆ ಅದರ ಪರಾಗ ದ್ವಿಲಿಂಗಿಯ ಪರಾಗಕ್ಕಿಂತ ಎರಡು ಪಟ್ಟಿಗೂ ಮೀರಿ ಗೆಲ್ಲಬೇಕು. ಇದು ಕಷ್ಟ. ಆದ್ದರಿಂದ ಇಂಥ ಏರ್ಪಾಡು ಪ್ರಕೃತಿಯಲ್ಲಿ ತೀರಾ ಅಪರೂಪ. ಇದ್ದರೂ ಗಂಡು ಗಿಡ ಅಲ್ಲೊಂದು ಇಲ್ಲೊಂದು ಇರಬೇಕು. ಆದರೆ ಫಿಲಿರಿಯಾ ಗುಡ್ಡದಲ್ಲಿ ಎಣಿಸಿದರೆ ಹೆಚ್ಚು ಕಡಿಮೆ ಅರ್ಧಕ್ಕರ್ಧ ಗಂಡು! ಲೆಕ್ಕದ ಪ್ರಕಾರ ಇದು ಆಗಲೇಬಾರದು.

ಉತ್ತರ ಸಿಕ್ಕಿದ್ದು 2010ರಲ್ಲಿ. ಫ್ರಾನ್ಸಿನ ಲಿಲ್ ನಗರದ ಪಿಯೆರ್ ಸೋಮಿಟು-ಲಾಪ್ರಾದ್ ಮತ್ತು ಅವರ ಜೊತೆಯವರು ಕೈಯಾರೆ ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಹಾಕಿ, ಪರಾಗ ಮೊಳೆತು ಒಳಗೆ ಇಳಿಯಿತೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಗ ಗೊತ್ತಾಯಿತು: ಒಂದೇ ಥರ ಕಾಣುವ ದ್ವಿಲಿಂಗಿ ಗಿಡಗಳಲ್ಲಿ ಎರಡು ಗುಂಪುಗಳಿವೆ. ಒಂದು ಗುಂಪಿನ ಪರಾಗ ಅದೇ ಗುಂಪಿನ ಹೂವಿನಲ್ಲಿ ಮೊಳೆಯುವುದಿಲ್ಲ. ನಮ್ಮಲ್ಲಿ ಸಗೋತ್ರದಲ್ಲಿ ಮದುವೆ ಮಾಡುವುದಿಲ್ಲವಲ್ಲ, ಹಾಗೆಯೇ. ಗಂಡು ಗಿಡಕ್ಕೆ ಮಾತ್ರ ಈ ಕಟ್ಟುಪಾಡು ಇಲ್ಲ. ಅದರ ಪರಾಗ ಎರಡೂ ಗುಂಪಿನಲ್ಲಿ ಮೊಳೆಯುತ್ತದೆ.

ಈಗ ಲೆಕ್ಕ ಮತ್ತೆ ಹಾಕಿ. ದ್ವಿಲಿಂಗಿಯ ಪರಾಗಕ್ಕೆ ಅರ್ಧ ಗಿಡಗಳ ಬಾಗಿಲು ಮಾತ್ರ ತೆರೆದಿದೆ. ಗಂಡಿನ ಪರಾಗಕ್ಕೆ ಎಲ್ಲ ಬಾಗಿಲೂ ತೆರೆದಿದೆ. ಬೇಕಾಗಿದ್ದ ಎರಡು ಪಟ್ಟು ಅಲ್ಲೇ ಸಿಕ್ಕಿಬಿಟ್ಟಿತು! ಅದರ ಮೇಲೆ ಗಂಡಿಗೆ ಸ್ವಲ್ಪ ಅನುಕೂಲ ಇದ್ದರೂ ಸಾಕು, ಸಂಖ್ಯೆ ಏರುತ್ತದೆ. ಇದನ್ನು ಓದಿದ ದಿನ ನಾನು ಕಾಗದ ಪೆನ್ನು ಹಿಡಿದು ಇದೇ ಲೆಕ್ಕ ಮೂರು ಸಲ ಮಾಡಿದ್ದೆ. ಅಷ್ಟು ಖುಷಿ ಆಗಿತ್ತು.

ಇದರಿಂದ ರೈತರಿಗೆ ಏನಾದರೂ ಪ್ರಯೋಜನ ಇದೆಯಾ?

ಇದೆ. ಆಲಿವ್ ಬೆಳೆಗಾರರಿಗೆ ಒಂದು ಹಳೆಯ ತಲೆನೋವು: ತೋಟದ ತುಂಬಾ ಒಂದೇ ತಳಿ ಹಾಕಿದರೆ ಎಷ್ಟೋ ಸಲ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ನಡುವೆ ಬೇರೆ ತಳಿಯ ಮರ ಬೇಕು. ಆದರೆ ಯಾವ ತಳಿಗೆ ಯಾವುದು ಹೊಂದುತ್ತದೆ ಎಂಬುದರಲ್ಲಿ ಭಾರಿ ಗೊಂದಲ ಇತ್ತು. ಫಿಲಿರಿಯಾದಲ್ಲಿ ಕಂಡದ್ದನ್ನು ದಾಯಾದಿಯಲ್ಲೂ ಹುಡುಕಿದಾಗ ಆಲಿವ್ ಮರಗಳಲ್ಲೂ ಇಂಥ ಎರಡೇ ಗುಂಪು ಇರುವುದು ಕಂಡಿತು. ಅದು ಪ್ರಕಟವಾದದ್ದು 2017ರಲ್ಲಿ. ಆಲಿವ್‌ನಲ್ಲಿ ಗಂಡು ಮರ ಇಲ್ಲ, ಅಷ್ಟೇ ವ್ಯತ್ಯಾಸ. ಒಂದು ಗುಂಪಿನ ತಳಿಯ ನಡುವೆ ಇನ್ನೊಂದು ಗುಂಪಿನ ತಳಿ ನೆಟ್ಟರೆ ಪರಾಗ ಹೊಂದುತ್ತದೆ.

ಯಾರೂ ಕಾಸು ಕೊಟ್ಟು ಕೊಳ್ಳದ ಒಂದು ಕಾಡುಪೊದೆಯನ್ನು ವರ್ಷಗಟ್ಟಲೆ ನೋಡಿದ್ದರಿಂದ, ಸಾವಿರಾರು ವರ್ಷಗಳಿಂದ ಬೆಳೆಸುತ್ತಿರುವ ಮರದ ಗುಟ್ಟು ಹೊರಬಂತು. 'ಇಂಥ ಗಿಡವನ್ನು ಯಾಕೆ ಅಧ್ಯಯನ ಮಾಡಬೇಕು?' ಎಂದು ಕೇಳುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಬರ, ಕಾಡ್ಗಿಚ್ಚು ತಡೆಯುತ್ತದಾ?

ಕಡಿದರೂ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ಮೆಡಿಟರೇನಿಯನ್ ಕಾಡಿನಲ್ಲಿ ಶತಮಾನಗಳಿಂದ ಸೌದೆ, ಇದ್ದಿಲು, ಮೇಕೆ, ಬೆಂಕಿ ಎಲ್ಲವನ್ನೂ ತಾಳಿಕೊಂಡು ಉಳಿದದ್ದು ಹೀಗೆ.

ಬರದ ವಿಷಯ ಇನ್ನೂ ದೊಡ್ಡದು. ಸ್ಪೇನಿನ ಕತಲೋನಿಯಾದ ಪ್ರಾದೆಸ್ ಬೆಟ್ಟಗಳಲ್ಲಿ ಒಂದು ಹೋಮ್ ಓಕ್ ಕಾಡಿದೆ. ಅಲ್ಲಿ ಒಗಾಯಾ ಮತ್ತು ಪೆನ್ಯುಯೆಲಾಸ್ ಎಂಬ ವಿಜ್ಞಾನಿಗಳ ತಂಡ 1999ರಿಂದ ಒಂದು ಪ್ರಯೋಗ ನಡೆಸಿದೆ. ಕಾಡಿನ ಕೆಲವು ತುಂಡುಗಳಲ್ಲಿ ಮರಗಳ ಕೆಳಗೆ ಪ್ಲಾಸ್ಟಿಕ್ ಪಟ್ಟಿಗಳನ್ನು ಕಟ್ಟಿ, ಬಿದ್ದ ಮಳೆಯಲ್ಲಿ ಒಂದಷ್ಟನ್ನು ಹೊರಗೆ ಹರಿಸಿಬಿಟ್ಟರು. ಮೇಲಿನಿಂದ ಹರಿದು ಬರುವ ನೀರಿಗೂ ಕಾಲುವೆ ತೋಡಿ ದಾರಿ ತಪ್ಪಿಸಿದರು. ಪಕ್ಕದ ತುಂಡುಗಳನ್ನು ಇದ್ದ ಹಾಗೇ ಬಿಟ್ಟರು. ವರ್ಷ ವರ್ಷ ಕಾಂಡ ಅಳೆದರು.

ಹೋಮ್ ಓಕ್ ಸೊರಗಿತು. ಸ್ಟ್ರಾಬೆರಿ ಮರವೂ ಸೊರಗಿತು. ಅಗಲ ಎಲೆಯ ಫಿಲಿರಿಯಾ ಹೆಚ್ಚು ಕಡಿಮೆ ತನ್ನ ಪಾಡಿಗೆ ತಾನು ಬೆಳೆಯಿತು. ಕಾರಣ ಕಾಂಡದ ಒಳಗಿದೆ. ಮಣ್ಣು ತೀರಾ ಒಣಗಿದಾಗ ಮರದ ನೀರು ಕೊಳವೆಗಳಲ್ಲಿ ಗಾಳಿಗುಳ್ಳೆ ಸೇರಿ ದಾರಿ ಕಟ್ಟಿಹೋಗುತ್ತದೆ. ಫಿಲಿರಿಯಾದ ಕೊಳವೆಗಳಲ್ಲಿ ಇದು ಓಕ್‌ಗಿಂತ ಬಹಳ ತಡವಾಗಿ ಆಗುತ್ತದೆ. ಮಳೆ ಕಡಿಮೆಯಾಗುತ್ತಾ ಹೋದರೆ ಇಂಥ ಕಾಡಿನಲ್ಲಿ ಓಕ್‌ನ ಜಾಗಕ್ಕೆ ಫಿಲಿರಿಯಾ ಬರಬಹುದು ಎಂಬುದು ಆ ತಂಡದ ಅಂದಾಜು. ಫಿಲಿರಿಯಾ ನನಗೆ ಎಷ್ಟೇ ಇಷ್ಟವಾದರೂ ಈ ಸುದ್ದಿ ಸಂತೋಷದ್ದಲ್ಲ. ಓಕ್ ಹೋದರೆ ಎತ್ತರದ ಕಾಡು ಹೋಗಿ ಕುಳ್ಳ ಕಾಡು ಉಳಿಯುತ್ತದೆ.

ಹಣ್ಣು ತಿನ್ನಬಹುದಾ?

ಮನುಷ್ಯರು ತಿನ್ನುವಂಥದ್ದಲ್ಲ. ಹಕ್ಕಿಗಳಿಗೆ ಮಾತ್ರ ಹಬ್ಬ. ದಕ್ಷಿಣ ಸ್ಪೇನಿನಲ್ಲಿ ಇದರ ಬೀಜ ಹರಡುವ ಮುಖ್ಯ ಹಕ್ಕಿಗಳು ಯುರೋಪಿನ ರಾಬಿನ್ ಮತ್ತು ಕಪ್ಪು ಟೊಪ್ಪಿಗೆಯ ಉಲಿಯಕ್ಕಿ. ಹಣ್ಣು ಪ್ರತಿ ವರ್ಷ ಸಮನಾಗಿ ಬರುವುದಿಲ್ಲ. ಒಂದು ವರ್ಷ ಕೊಂಬೆ ಬಾಗುವಷ್ಟು, ಆಮೇಲೆ ಕೆಲವು ವರ್ಷ ಏನೂ ಇಲ್ಲ. ನಮ್ಮ ಮಾವಿನ ಮರಗಳೂ ಹೀಗೆ ಮಾಡುತ್ತವಲ್ವಾ.

ಎಲೆಯನ್ನು ಜಿಂಕೆ, ಮೇಕೆ, ದನ ಎಲ್ಲವೂ ಮೇಯುತ್ತವೆ.

ಔಷಧಿ ಗುಣ?

ಬಾಯಿಹುಣ್ಣಿಗೆ ಎಲೆ ಅಗಿಯುವುದು, ಕಷಾಯದಿಂದ ಬಾಯಿ ಮುಕ್ಕಳಿಸುವುದು ಡಯೊಸ್ಕೊರಿಡೀಸನ ಕಾಲದಿಂದ ಇದೆ. ಇದರಲ್ಲಿರುವ ಒಂದು ರಾಸಾಯನಿಕಕ್ಕೆ ಗಿಡದ ಹೆಸರಿನಿಂದಲೇ ಫಿಲಿರಿನ್ ಎಂದು ಹೆಸರು ಬಂದಿದೆ. ಚೀನೀ ವೈದ್ಯದಲ್ಲಿ ಬಳಸುವ ಫೋರ್ಸಿಥಿಯಾ ಗಿಡದಲ್ಲೂ ಅದು ಇದೆ. ಫೋರ್ಸಿಥಿಯಾ ಕೂಡ ಇದೇ ಕುಟುಂಬದ್ದು. ಇಷ್ಟು ಓದಿ ಯಾರೂ ಮನೆಯಲ್ಲಿ ಕಷಾಯ ಮಾಡಿಕೊಳ್ಳಬೇಡಿ. ಹಳೆಯ ಬಳಕೆ ಇದ್ದ ಮಾತ್ರಕ್ಕೆ ಸುರಕ್ಷಿತ ಎಂದಲ್ಲ.

ತೋಟಗಳಲ್ಲಿ ಬೆಳೆಸುತ್ತಾರಾ?

17ನೇ ಶತಮಾನದ ಇಂಗ್ಲೆಂಡಿನಲ್ಲಿ ಇದಕ್ಕೆ ಭಾರಿ ಬೇಡಿಕೆ ಇತ್ತು. ಚಳಿಗಾಲದಲ್ಲೂ ಹಸಿರಾಗಿರುವ, ಕತ್ತರಿಸಿದ ಹಾಗೆ ನಿಲ್ಲುವ ಬೇಲಿ ಗಿಡಗಳು ಆಗ ಅಲ್ಲಿ ಕಡಿಮೆ. ಆಮೇಲೆ ಹೊಸ ಗಿಡಗಳು ಬಂದವು, ಬೇಲಿಗಳ ರೂಢಿಯೂ ಬದಲಾಯಿತು, ಇದನ್ನು ಮರೆತರು. ಈಗ ಅಲ್ಲಿ ಬೇಲಿಗೆ ಬಳಸುವ ಬಾಕ್ಸ್ ಎಂಬ ಗಿಡಕ್ಕೆ ರೋಗ ಮತ್ತು ಹುಳದ ಕಾಟ ಜಾಸ್ತಿ ಆದ ಮೇಲೆ ಅಲ್ಲಿನ ತೋಟಗಾರರು ಮತ್ತೆ ಫಿಲಿರಿಯಾ ಕಡೆ ತಿರುಗಿದ್ದಾರೆ. ಮೋಡದ ಆಕಾರಕ್ಕೆ ಕತ್ತರಿಸಿದ ಹಳೆಯ ಫಿಲಿರಿಯಾ ನೋಡಲು ತುಂಬಾ ಚೆಂದ.

ಓಸ್ಮೇರಿಯಾ ಎಂಬ ಗಿಡಕ್ಕೂ ಇದಕ್ಕೂ ಸಂಬಂಧವೇನು?

ಹಳೆಯ ನರ್ಸರಿ ಪಟ್ಟಿಗಳಲ್ಲಿ ಸಿಗುವ ಹೆಸರು ಅದು. ಇದೇ ಕುಟುಂಬದ ಇನ್ನೊಂದು ಕುಲವಾದ ಓಸ್ಮಾಂತಸ್ ಮತ್ತು ಫಿಲಿರಿಯಾ ಕೂಡಿಸಿದ ಮಿಶ್ರತಳಿ ಎಂದು ಎರಡು ಹೆಸರನ್ನೂ ಬೆಸೆದಿದ್ದರು. ತಾಯಿತಂದೆಯರಲ್ಲಿ ಒಂದಾದ ಫಿಲಿರಿಯಾ ಡೆಕೋರಾ ನಿಜವಾಗಿ ಓಸ್ಮಾಂತಸ್ ಎಂದು ಆಮೇಲೆ ತೀರ್ಮಾನವಾಯಿತು. ಈಗ ಅದರ ಹೆಸರು ಓಸ್ಮಾಂತಸ್ ಬರ್ಕ್‌ವುಡಿ.

ರೋಗ, ಕೀಟ?

ಒಂದು ಕೀಟವನ್ನು ನಮ್ಮ ದಾಳಿಂಬೆ ಬೆಳೆಗಾರರೂ ತಿಳಿದಿರಬೇಕು. ಸಿಫೋನಿನಸ್ ಫಿಲಿರಿಯೇ ಎಂಬ ಬಿಳಿನೊಣ. ಮೊದಲು ವಿವರಿಸಿದ್ದು ಫಿಲಿರಿಯಾ ಮೇಲೆ, 1835ರಲ್ಲಿ. ಆದ್ದರಿಂದ ಈ ಹೆಸರು. ಭಾರತದಲ್ಲಿ ಇದು ದಾಳಿಂಬೆ ಎಲೆಯ ತಳದಲ್ಲಿ ಕೂತು ರಸ ಹೀರುತ್ತದೆ. 1988ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಾಣಿಸಿಕೊಂಡು ಬೀದಿ ಮರಗಳ ತುಂಬಾ ಹರಡಿತ್ತು. ಎನ್ಕಾರ್ಸಿಯಾ ಇನಾರಾನ್ ಎಂಬ ಪುಟಾಣಿ ಕಣಜವನ್ನು ತಂದು ಬಿಟ್ಟ ಮೇಲೆ ಹತೋಟಿಗೆ ಬಂತು.

ಇನ್ನೊಂದು, ಕ್ಸೈಲೆಲ್ಲಾ ಫಾಸ್ಟಿಡಿಯೋಸಾ ಎಂಬ ಬ್ಯಾಕ್ಟೀರಿಯಾ. ಇಟಲಿಯ ಪೂಲ್ಯಾ ಪ್ರದೇಶದಲ್ಲಿ 2013ರಲ್ಲಿ ಪತ್ತೆಯಾಗಿ ಲಕ್ಷಗಟ್ಟಲೆ ಆಲಿವ್ ಮರಗಳನ್ನು ಒಣಗಿಸಿತು. ಅದು ಅಗಲ ಎಲೆಯ ಫಿಲಿರಿಯಾದಲ್ಲೂ ಸಿಕ್ಕಿದೆ.

ಬೆಂಗಳೂರಿನಲ್ಲಿ ಬೆಳೆಸಬಹುದಾ?

ಬೇಡ ಎಂದೇ ಹೇಳುತ್ತೇನೆ. ಇದರ ದೇಹಕ್ಕೆ ಗೊತ್ತಿರುವ ಋತುಚಕ್ರ ಬೇರೆ. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ಜೂನಿನಿಂದ ಅಕ್ಟೋಬರ್‌ವರೆಗೆ ಬಿಸಿಯೂ ಇರುತ್ತದೆ, ಬೇರಿನ ಸುತ್ತ ನೀರೂ ಇರುತ್ತದೆ. ಚಳಿಗಾಲ ಒಣ. ಎಲ್ಲವೂ ತಿರುಗುಮುರುಗು. ಹಸಿರು ಬೇಲಿಯೇ ಬೇಕಾದರೆ ಕಾಮಿನಿ ಇದೆ, ಮದರಂಗಿ ಇದೆ. ಎರಡೂ ಇಲ್ಲಿನ ಹವೆಗೆ ಹೊಂದುತ್ತವೆ.

ಯುರೋಪಿನಲ್ಲಿರುವ ಕನ್ನಡಿಗರಿಗೆ ಮಾತ್ರ ಧಾರಾಳವಾಗಿ ಬೆಳೆಸಿ ಎನ್ನುತ್ತೇನೆ. ನೀರು ನಿಲ್ಲದ ಮಣ್ಣು, ಬಿಸಿಲು, ಮೊದಲ ಒಂದೆರಡು ಬೇಸಿಗೆ ಸ್ವಲ್ಪ ನೀರು. ಬೀಜದಿಂದ ಮಾಡುವುದಾದರೆ ತಾಳ್ಮೆ ಬೇಕು, ಓಟೆ ಗಟ್ಟಿ ಇರುವುದರಿಂದ ಮೊಳಕೆ ತಡ. ಬೇಸಿಗೆಯಲ್ಲಿ ಅರೆಬಲಿತ ಕಡ್ಡಿ ನೆಟ್ಟರೆ ಬೇಗ. ಹಣ್ಣು ನೋಡುವ ಆಸೆಯಿದ್ದರೆ ಒಂದೇ ಗಿಡ ತರಬೇಡಿ. ಒಂದೇ ಗಿಡದಿಂದ ಮಾಡಿದ ಎರಡು ಕಡ್ಡಿಯೂ ಸಾಲದು, ಅವೆರಡೂ ಒಂದೇ ಗುಂಪು. ಬೀಜದಿಂದ ಬೆಳೆದ ನಾಲ್ಕೈದು ಗಿಡ ನೆಡಿ, ಅವುಗಳಲ್ಲಿ ಹೊಂದುವ ಜೋಡಿ ಸಿಗುವ ಸಾಧ್ಯತೆ ಜಾಸ್ತಿ.